ಬೇಡಿದ ಕುರುಡು, ಬಂದ ಕುರುಡು
(ಹೆಲೆನ್ ಕೆಲ್ಲರ್ ಅವರ ಆತ್ಮಕಥನಗಳನ್ನು ಕುರಿತು)

ಬಸವಣ್ಣನವರ ವಚನಗಳಲ್ಲಿ ಒಂದು ವಿಲಕ್ಷಣವಾದ ಪ್ರಾರ್ಥನೆಯಿದೆ. ಕಾಲು, ಕಣ್ಣು, ಕಿವಿ ಈ ಮೂರರ ಶಕ್ತಿಯನ್ನೂ ತಮ್ಮಿಂದ ಹಿಂತೆಗೆದುಕೊಳ್ಳಬೇಕೆಂದು ಅವರು ಕೂಡಲಸಂಗಮದೇವನನ್ನು ತಂದೆಯೆಂದು ಕರೆದು ಬೇಡುತ್ತಾರೆ. ಶರಣರ ಪಾದವನ್ನುಳಿದು ಮನಸ್ಸು ಅನ್ಯವಿಷಯಕ್ಕೆ ಹರಿಯಬಾರದೆಂಬುದು ಅದರ ತಾತ್ಪರ್ಯ. ಈ ವಚನವನ್ನು ಅರಿಯದ ಕನ್ನಡಿಗನಿಲ್ಲ. ಇದನ್ನು ಹಾಡದ ಮಠವಿಲ್ಲ. ಇಂದ್ರಿಯನಿಗ್ರಹದ ಪರಮಾವಧಿಯನ್ನು ಇದು ಸಾರುತ್ತದೆಂದು ನಮ್ಮ ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ. ಆ ಮಾತು ನಿಜವೇ.

ಆದರೆ ಈ ವಚನವನ್ನು ಕೇಳುವವರೆಲ್ಲರೂ ಕಣ್ಣು ಕಾಲುಳ್ಳವರಲ್ಲ. ಪ್ರವಚನದ ಸಭೆಯಲ್ಲಿ ಹುಟ್ಟಿನಿಂದ ನಡೆಯಲಾರದ ಒಬ್ಬ ತಾಯಿ ಕುಳಿತಿದ್ದರೆ, ಆಕೆಗೆ ಈ ಪ್ರಾರ್ಥನೆ ಏನನ್ನು ಹೇಳೀತು? ಬಸವಣ್ಣನವರು ಬೇಡಿದ್ದು ಆಕೆಗೆ ಬೇಡದೆಯೇ ಬಂದಿದೆ. ಹಾಗೆಂದು ಆಕೆಯ ಮನಸ್ಸು ತಾನಾಗಿಯೇ ಶರಣರ ಪಾದದಲ್ಲಿ ನೆಲೆಸಿತೆಂದು ಹೇಳಬಹುದೇ? ಹಾಗೆ ಹೇಳಿದರೆ ಆಕೆಯ ನೋವನ್ನು ತಿಳಿಯದೆ ಹೇಳಿದಂತಾಗುತ್ತದೆ. ಹೇಳದಿದ್ದರೆ, ವಚನದೊಳಗಿನ ಹೆಳವತನ ಒಂದು ರೂಪಕವೆಂದು ಒಪ್ಪಿಕೊಂಡು, ರೂಪಕಕ್ಕೂ ಅನುಭವಕ್ಕೂ ನಡುವಣ ಅಂತರವನ್ನು ನಾವು ವಿಚಾರಿಸಬೇಕಾಗುತ್ತದೆ. ಅನುಭವವನ್ನೇ ಪ್ರಮಾಣವೆಂದು ನಂಬಿದ ಪರಂಪರೆ ನಮ್ಮದು. ಆದುದರಿಂದ ಈ ವಿಚಾರಣೆಗೆ ನಾವು ಹಿಂಜರಿಯಬೇಕಾಗಿಲ್ಲ.

ಬಿಟ್ಟದ್ದು ಬೇರೆ, ಬಿಡಿಸಿದ್ದು ಬೇರೆ. ಶಿವಭಕ್ತಿಯ ಸ್ತ್ರೀಕಥನಗಳಲ್ಲಿ ದೇಹವನ್ನು ನಿರಾಕರಿಸುವ ಪ್ರಸಂಗಗಳು ಹೇರಳವಾಗಿವೆ. ತಮಿಳಿನ ಶೇಕ್ಕಿಳಾರನ ಪೆರಿಯಪುರಾಣದಲ್ಲಿ ಬರುವ ಕಾರೈಕ್ಕಾಲ್ ಅಮ್ಮೆ ಅರುವತ್ತುಮೂವರಲ್ಲಿ ಎಣಿಕೆಗೊಂಡ ಮೂವರು ಸ್ತ್ರೀಯರಲ್ಲಿ ಒಬ್ಬಳು. ಮಾವಿನ ಹಣ್ಣಿನ ಪವಾಡವನ್ನು ಕಂಡು ಬೆದರಿದ ಪತಿ ತನ್ನನ್ನು ತೊರೆದು ಹೋದಾಗ, ಅವನಿಗಾಗಿ ಹೊತ್ತಿದ್ದ ಚೆಲುವು ಇನ್ನೇಕೆಂದು ಶಿವನಲ್ಲಿ ಬೇಡಿ ಅವಳು ಪೇಯ್‌ರೂಪವನ್ನು ಪಡೆದಳು. ಕೈಲಾಸವನ್ನು ಕಾಲಿನಿಂದ ಮೆಟ್ಟಲೊಲ್ಲದೆ ತಲೆಯಿಂದ ನಡೆದಳು. ಅಕ್ಕಮಹಾದೇವಿಯವರ ವೈರಾಗ್ಯ ನಮಗೆಲ್ಲ ಚಿರಪರಿಚಿತ. ಈ ಇಬ್ಬರ ಮಹತ್ತ್ವವಿರುವುದು ತಮ್ಮಲ್ಲಿದ್ದುದನ್ನು ತಾವೇ ಬಿಟ್ಟುದರಲ್ಲಿ. ಚೆಲುವನ್ನಾಗಲಿ ನಡೆಯನ್ನಾಗಲಿ ನೋಟವನ್ನಾಗಲಿ ಇನ್ನೊಂದು ಕೈ ಕಸಿದುಕೊಂಡಿರುವ ಹೆಣ್ಣುಮಗಳಿಗೆ ಇವರ ಕಥೆಯನ್ನು ಸಮಾಧಾನವಾಗಿ ಹೇಳುವುದು ಸುಲಭ. ಅದು ಸರಿಯಾದ ಉಪದೇಶವೆಂದು ನನಗೆ ತೋರುವುದಿಲ್ಲ.

ಇಲ್ಲಿ ಒಂದು ಶಬ್ದವಿಚಾರವನ್ನು ಪ್ರಾಸಂಗಿಕವಾಗಿ ಎತ್ತಬೇಕಾಗಿದೆ. ಹಿಂದೆ ‘ಅಂಗವಿಕಲ’ ಎನ್ನುತ್ತಿದ್ದುದನ್ನು ಈಚಿನ ವರ್ಷಗಳಲ್ಲಿ ನಮ್ಮ ಸರಕಾರದ ಕಡತಗಳು ‘ವಿಕಲಚೇತನ’ ಎಂದು ಬದಲಾಯಿಸಿವೆ. ಗೌರವದ ಉದ್ದೇಶದಿಂದ ಮಾಡಿದ ಬದಲಾವಣೆಯೇ ಇದು. ಆದರೆ ಶಬ್ದಾರ್ಥವನ್ನು ನೋಡಿದರೆ ವಿಕಲವಾದದ್ದು ಚೇತನವೇ ಎಂದಾಗುತ್ತದೆ! ಕಾಲು ಸೊರಗಿದವಳ ಚೈತನ್ಯ ಸೊರಗಿತೆಂದು ಯಾವ ಶಾಸ್ತ್ರ ಹೇಳಿದೆ? ಹಳೆಯ ಶಬ್ದಕ್ಕೂ ನಮ್ಮ ಷಟ್‌ಸ್ಥಲ ಪರಿಭಾಷೆಯಲ್ಲಿ ತೊಡಕುಂಟು. ಅಲ್ಲಿ ‘ಅಂಗ’ವೆಂದರೆ ಕೈಕಾಲಲ್ಲ, ಲಿಂಗದೊಡನೆ ಸಾಮರಸ್ಯವನ್ನು ಬಯಸುವ ಜೀವ. ಆ ಅರ್ಥದಲ್ಲಿ ಲಿಂಗಸಂಬಂಧವಿಲ್ಲದವನೇ ನಿಜವಾದ ಅಂಗವಿಕಲ.

2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳ 2.68 ಕೋಟಿ ಜನರಿದ್ದರು. ಅವರಲ್ಲಿ ಸುಮಾರು 1.18 ಕೋಟಿ ಸ್ತ್ರೀಯರು. ಇವರ ಬದುಕನ್ನು ಕುರಿತು ಇತರರು ಬರೆದುದಕ್ಕೆ ಕೊರತೆಯಿಲ್ಲ. ಕನಿಕರದ ಕಥೆಗಳು ಬೇಕಾದಷ್ಟಿವೆ. ತಾವೇ ಬರೆದುಕೊಂಡುದು ವಿರಳ. ಬಸವಣ್ಣನವರು ಬೇಡಿದ ಮೂರರಲ್ಲಿ ಎರಡನ್ನು, ಕುರುಡನ್ನೂ ಕಿವುಡನ್ನೂ, ಬೇಡದೆ ಪಡೆದು, ಆ ಬದುಕನ್ನು ಒಂದಲ್ಲ ನಾಲ್ಕಾರು ಗ್ರಂಥಗಳಲ್ಲಿ ದಾಖಲಿಸಿದ ಸ್ತ್ರೀಯೊಬ್ಬರಿದ್ದಾರೆ. ಅವರು ಅಮೆರಿಕದ ಹೆಲೆನ್ ಕೆಲ್ಲರ್ (1880-1968). ಅವರ ಹೆಸರು ನಮ್ಮ ಶಾಲೆಗಳಲ್ಲಿ ಪ್ರಸಿದ್ಧ. ಅವರ ಗ್ರಂಥಗಳನ್ನು ಗ್ರಂಥಗಳೆಂದು ಓದಿದವರು ಕಡಿಮೆ. ನೀರಿನ ಪಂಪಿನ ಬಳಿ ಕುರುಡು ಬಾಲಿಕೆಗೆ ಮಾತಿನ ಮರ್ಮ ಹೊಳೆದ ಒಂದು ದೃಶ್ಯವಷ್ಟೇ ನಮ್ಮ ನೆನಪಿನಲ್ಲಿದೆ. ಅಲ್ಲಿಂದ ಮುಂದೆ ಆಕೆ ಎಂಬತ್ತೊಂದು ವರ್ಷ ಬದುಕಿದರು, ಬರೆದರು, ವಾದಿಸಿದರು ಎಂಬುದು ಮರೆತುಹೋಗಿದೆ.

ಅಲಬಾಮಾದ ಟಸ್ಕಂಬಿಯಾ ಊರಿನಲ್ಲಿ ಹುಟ್ಟಿದ ಹೆಲೆನ್ ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯೊಂದು ಕಣ್ಣು ಕಿವಿಗಳೆರಡನ್ನೂ ಕಳೆಯಿತು. 1887ರ ಮಾರ್ಚ್ 3ರಂದು ಗುರುವಾಗಿ ಬಂದವಳು ಆನ್ ಸಲಿವನ್. ಬಡವರ ಆಶ್ರಯಗೃಹದಲ್ಲಿ ಬೆಳೆದು, ಕಣ್ಣಬೇನೆಯಿಂದ ತಾನೂ ಅರೆಗುರುಡಿಯಾಗಿದ್ದವಳು. ಶಿಷ್ಯೆಯ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸಿ ಕಲಿಸಿದಳು. 1904ರಲ್ಲಿ ಹೆಲೆನ್ ರಾಡ್‌ಕ್ಲಿಫ್ ಕಾಲೇಜಿನ ಪದವೀಧರೆಯಾದರು. ಅದಕ್ಕೆ ಒಂದು ವರ್ಷ ಮುನ್ನ, 1903ರಲ್ಲಿ, ‘ದಿ ಸ್ಟೋರಿ ಆಫ್ ಮೈ ಲೈಫ್’ ಪುಸ್ತಕರೂಪದಲ್ಲಿ ಪ್ರಕಟವಾಗಿತ್ತು.

ಲೋಕಪ್ರಸಿದ್ಧವಾದ ಈ ಮೊದಲ ಕೃತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಮಿಶ್ರವಾದುದು. ಅದರಲ್ಲಿ ಹೂವು, ಬಣ್ಣ, ಬೆಳಕುಗಳ ವರ್ಣನೆ ಅತಿಯಾಗಿದೆ. ಕಣ್ಣುಳ್ಳ ಕವಿಗಳಿಂದ ಎರವಲು ತಂದ ಅಲಂಕಾರಗಳು ಪುಟಪುಟದಲ್ಲಿ ಎದ್ದು ಕಾಣುತ್ತವೆ. ಸ್ವತಃ ಅಂಧನಾಗಿದ್ದ ಮನಶ್ಶಾಸ್ತ್ರಜ್ಞ ಥಾಮಸ್ ಕಟ್ಸ್‌ಫೋರ್ತ್ 1933ರಲ್ಲಿ ಇದೇ ಆಕ್ಷೇಪವನ್ನೆತ್ತಿದ್ದಾನೆ: ಅಂಧ ಮಕ್ಕಳಿಗೆ ತಮ್ಮದಲ್ಲದ ಮಾತನ್ನು ಕಲಿಸಿ, ತಮ್ಮದೇ ಅನುಭವವನ್ನು ಅವರು ಕೀಳೆಂದು ಭಾವಿಸುವಂತೆ ಮಾಡಲಾಗುತ್ತದೆ ಎಂದು. ಅನುಭವವಿಲ್ಲದ ನುಡಿಯನ್ನು ಕಟುವಾಗಿ ಖಂಡಿಸಿದ ಶರಣರ ಮಾತುಗಳನ್ನು ಬಲ್ಲ ನಮಗೆ ಈ ಆಕ್ಷೇಪ ಹೊಸತಲ್ಲ.

ಆದರೆ ಅದೇ ಕೃತಿಯ ಹದಿನಾಲ್ಕನೆಯ ಅಧ್ಯಾಯ ಈ ಆಕ್ಷೇಪದ ಇನ್ನೊಂದು ಮುಖವನ್ನು ತೋರಿಸುತ್ತದೆ. 1891ರಲ್ಲಿ ಬಾಲಕಿ ಹೆಲೆನ್ ‘ದಿ ಫ್ರಾಸ್ಟ್ ಕಿಂಗ್’ ಎಂಬ ಪುಟ್ಟ ಕಥೆಯನ್ನು ಬರೆದು, ಪರ್ಕಿನ್ಸ್ ಅಂಧಶಾಲೆಯ ಮುಖ್ಯಸ್ಥ ಅನಾಗ್ನೋಸ್‌ಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕಳುಹಿಸಿದಳು. ಅದು ಮಾರ್ಗರೆಟ್ ಕ್ಯಾನ್ಬಿಯ ಕಥೆಯೊಂದನ್ನು ಹೋಲುತ್ತದೆಂದು ಬಯಲಾಯಿತು. ಎಂದೋ ಅಂಗೈಯಲ್ಲಿ ಓದಿಸಿಕೊಂಡ ಕಥೆ ಅರಿವಿಲ್ಲದೆ ನೆನಪಿನಲ್ಲಿ ಉಳಿದು ತನ್ನದೆಂಬಂತೆ ಹೊರಬಂದಿತ್ತು. ಶಾಲೆಯಲ್ಲಿ ಎಂಟು ಜನರ ವಿಚಾರಣಾ ಮಂಡಲಿ ಕೂಡಿತು. ಗುರುವನ್ನು ಹೊರಗಿರಿಸಿ, ಹನ್ನೆರಡು ತುಂಬದ ಹುಡುಗಿಯನ್ನು ಒಬ್ಬಳನ್ನೇ ಪ್ರಶ್ನಿಸಿದರು. ಮತಗಳು ಸಮನಾಗಿ ಒಡೆದವು. ಅನಾಗ್ನೋಸ್ ಆಗ ಅವಳ ಪರವಾಗಿ ನಿಂತರೂ ಮುಂದೆ ಮನಸ್ಸು ಬದಲಿಸಿದ. ಈ ಘಟನೆಯ ಬಳಿಕ ಬಹುಕಾಲ ತಾನು ಬರೆಯುವ ಒಂದೊಂದು ವಾಕ್ಯವೂ ತನ್ನದೇ ಅಲ್ಲವೇ ಎಂಬ ಭೀತಿ ಕಾಡುತ್ತಿತ್ತೆಂದು ಹೆಲೆನ್ ಬರೆದಿದ್ದಾರೆ. ಈ ಪುಟಗಳಲ್ಲಿ ಎರವಲಿನ ಅಲಂಕಾರವಿಲ್ಲ. ಇಲ್ಲಿ ಗದ್ಯ ಬೆತ್ತಲಾಗಿದೆ, ನೇರವಾಗಿದೆ. ನಾವೆಲ್ಲರೂ ಮಾತನ್ನು ಎರವಲು ಪಡೆದೇ ಕಲಿತವರು. ಕಣ್ಣುಳ್ಳ ಬಾಲಕನೊಬ್ಬ ಹೀಗೆ ಬರೆದಿದ್ದರೆ ವಿಚಾರಣೆ ನಡೆಯುತ್ತಿತ್ತೇ?

ಎರಡನೆಯ ಕೃತಿ ‘ದಿ ವರ್ಲ್ಡ್ ಐ ಲಿವ್ ಇನ್’ (1908) ಗಾತ್ರದಲ್ಲಿ ಕಿರಿದು, ಗುಣದಲ್ಲಿ ಹಿರಿದು. ಇದರ ಮುನ್ನುಡಿಯಲ್ಲಿಯೇ ಲೇಖಕಿಯ ಒಂದು ನವುರಾದ ದೂರು ಇದೆ: ಬೇರೆಯವರು ಆತ್ಮಕಥೆ ಬರೆದ ಮೇಲೆ ವಿಷಯಾಂತರ ಮಾಡಬಹುದು, ತಾನು ಮಾತ್ರ ತನ್ನನ್ನು ಬಿಟ್ಟು ಲೋಕದ ಆಗುಹೋಗುಗಳನ್ನು ಕುರಿತು ಬರೆದರೆ ಯಾರಿಗೂ ಬೇಡ ಎಂದು. ಆ ನಿರ್ಬಂಧವನ್ನೇ ಆಕೆ ಬಂಡವಾಳ ಮಾಡಿಕೊಂಡು, ಇತರರಿಗೆ ಸಾಧ್ಯವಾಗದ ಒಂದು ಗ್ರಂಥವನ್ನು ಕೊಟ್ಟಿದ್ದಾರೆ. ಮೊದಲ ಅಧ್ಯಾಯಗಳೆಲ್ಲ ಕೈಯನ್ನು ಕುರಿತವು. ಕೈ ಕಾಣುತ್ತದೆ, ಕೈ ಕೇಳುತ್ತದೆ. ಹಸ್ತಲಾಘವವೊಂದರಿಂದ ಎದುರಿಗಿರುವವರ ಸ್ವಭಾವ ತಿಳಿಯುತ್ತದೆ. ನೆಲದ ಕಂಪನದಿಂದ ನಡೆದು ಬರುವವರ ವಯಸ್ಸು, ಅವರ ಮನಸ್ಸಿನ ಆಯಾಸ ಅಥವಾ ಆತುರ ಅರಿವಾಗುತ್ತದೆ. ಮಳೆ ಬರುವುದಕ್ಕೆ ಬಹಳ ಮುನ್ನವೇ ಅದರ ವಾಸನೆ ಬರುತ್ತದೆ. ಬಡಗಿ, ಕಮ್ಮಾರ, ಬಣ್ಣ ಬಳಿಯುವವನು ತಂತಮ್ಮ ಕೆಲಸದ ವಾಸನೆಯಿಂದಲೇ ಗುರುತಿಗೆ ಸಿಕ್ಕುತ್ತಾರೆ.

ಕರಸ್ಥಲವೆಂಬ ಮಾತನ್ನು ನಿತ್ಯವೂ ಉಚ್ಚರಿಸುವ ನಮಗೆ ಈ ಪುಟಗಳು ವಿಶೇಷವಾಗಿ ಆಪ್ತವಾಗಬೇಕು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುತ್ತೇವೆ. ಲಿಂಗಪೂಜೆಯನ್ನು ಕುರಿತು ನಾವು ಬರೆದಾಗಲೆಲ್ಲ ದೃಷ್ಟಿಯೋಗಕ್ಕೆ, ಅನಿಮಿಷದ ನೋಟಕ್ಕೆ, ಹೆಚ್ಚು ಮಹತ್ತ್ವ ಕೊಟ್ಟಿದ್ದೇವೆ. ಹಿಡಿತದ ಅರಿವನ್ನು ಕುರಿತು ಬರೆದದ್ದು ಅತ್ಯಲ್ಪ. ಕುರುಡಿಯಾದ ಲಿಂಗವಂತೆ ಲಿಂಗವನ್ನು ಹೇಗೆ ಅರಿಯುತ್ತಾಳೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗಲೇ ಈ ಕೊರತೆ ಗೋಚರವಾಗುತ್ತದೆ.

ಷಟ್‌ಸ್ಥಲ ಶಾಸ್ತ್ರ ಇಲ್ಲಿ ಒಂದು ದಾರಿಯನ್ನು ತೋರಿಸುತ್ತದೆ. ಆಚಾರಲಿಂಗಕ್ಕೆ ಘ್ರಾಣ, ಗುರುಲಿಂಗಕ್ಕೆ ಜಿಹ್ವೆ, ಶಿವಲಿಂಗಕ್ಕೆ ನೇತ್ರ, ಜಂಗಮಲಿಂಗಕ್ಕೆ ತ್ವಕ್ಕು, ಪ್ರಸಾದಲಿಂಗಕ್ಕೆ ಶ್ರೋತ್ರ, ಮಹಾಲಿಂಗಕ್ಕೆ ಹೃದಯ ಮುಖಗಳೆಂದು ಹೇಳಿದೆ. ಮೇಲುನೋಟಕ್ಕೆ, ನೇತ್ರ ಶ್ರೋತ್ರಗಳಿಲ್ಲದವಳಿಗೆ ಶಿವಲಿಂಗ ಪ್ರಸಾದಲಿಂಗಗಳ ಅರ್ಪಣ ತಪ್ಪಿಹೋದಂತೆ ತೋರಬಹುದು. ಆದರೆ ಶಾಸ್ತ್ರ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದೊಂದರಲ್ಲಿಯೂ ಉಳಿದವು ಗರ್ಭೀಕೃತವಾಗಿವೆಯೆಂದು ಆರನ್ನು 36ಕ್ಕೂ, 36ನ್ನು 216ಕ್ಕೂ ವಿಸ್ತರಿಸುತ್ತದೆ. ಅಂದರೆ ಸ್ಪರ್ಶದೊಳಗೆ ರೂಪವಿದೆ, ಸ್ಪರ್ಶದೊಳಗೆ ನಾದವಿದೆ. ನಮ್ಮ ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುತ್ತಾರೆ. ವಾದ್ಯದ ಮೇಲೆ ಬೆರಳಿಟ್ಟು ನಾದವನ್ನು ಅರಿತ, ಮುಖದ ಮೇಲೆ ಕೈಯಾಡಿಸಿ ನಗೆಯನ್ನು ಕಂಡ ಹೆಲೆನ್ ಕೆಲ್ಲರ್ ಅವರ ಪುಟಗಳನ್ನು ಓದಿದ ಮೇಲೆ ಅವು ಬರಿಯ ಲೆಕ್ಕವಾಗಿ ಉಳಿಯುವುದಿಲ್ಲ. ಜಂಗಮಲಿಂಗದ ಮುಖವನ್ನು ತ್ವಕ್ಕೆಂದು ಹೇಳಿರುವುದರ ಔಚಿತ್ಯ ಆಗ ಹೊಳೆಯುತ್ತದೆ.

ಹಾಗೆಂದು ಆಕೆಯನ್ನು ಶಿವಶರಣೆಯೆಂದು ಕರೆದು ನಮ್ಮ ಪಂಕ್ತಿಗೆ ಎಳೆದುಕೊಳ್ಳುವ ಉತ್ಸಾಹ ಬೇಡ. ಆಕೆಯ ಧರ್ಮ ಸ್ವೀಡನ್‌ಬೋರ್ಗ್‌ನ ಉಪದೇಶವನ್ನು ಅನುಸರಿಸಿದ್ದು. 1927ರಲ್ಲಿ ‘ಮೈ ರಿಲಿಜನ್’ ಎಂಬ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾರೆ. ಹೋಲಿಕೆಯ ಪ್ರಯೋಜನ ನಮ್ಮದನ್ನು ನಾವು ತಿಳಿಯುವುದರಲ್ಲಿದೆ. ‘ಆತ್ಮೋದಯಕ್ಕೆ ಮುನ್ನ’ ಎಂಬರ್ಥದ ಅಧ್ಯಾಯದಲ್ಲಿ, ಗುರು ಬರುವ ಮೊದಲು ತಾನಿದ್ದೇನೆಂಬುದೇ ತನಗೆ ಗೊತ್ತಿರಲಿಲ್ಲವೆಂದು ಆಕೆ ಹೇಳುತ್ತಾರೆ. ಆಗ ಕೋಪವಿತ್ತು, ತೃಪ್ತಿಯಿತ್ತು. ಅವನ್ನು ತನ್ನವೆನ್ನುವ ‘ನಾನು’ ಇರಲಿಲ್ಲ. ಮರವೆಯಿಂದ ಅರಿವಿನ ಕಡೆಗಿನ ದಾಟನ್ನು ಇಷ್ಟು ನಿಸ್ಸಂದಿಗ್ಧವಾಗಿ ಒಳಗಿನಿಂದ ವರ್ಣಿಸಿದ ಆಧುನಿಕ ಗದ್ಯ ನನ್ನ ಓದಿನಲ್ಲಿ ಇನ್ನೊಂದಿಲ್ಲ.

ಮೂರನೆಯ ಕೃತಿ ‘ಮಿಡ್‌ಸ್ಟ್ರೀಮ್’ (1929) ನಡುವಯಸ್ಸಿನದು. ಅದರಲ್ಲಿ ಸ್ತ್ರೀಯಾಗಿ ಆಕೆಗೆ ಒದಗಿದ ಸಂಕಟ ಹೆಚ್ಚು ಬಿಚ್ಚಿ ಕಾಣುತ್ತದೆ. ಅಂಗವೈಕಲ್ಯವುಳ್ಳ ಗಂಡಿಗೂ ಹೆಣ್ಣಿಗೂ ಲೋಕ ಹಾಕುವ ಅಳತೆ ಒಂದೇ ಅಲ್ಲ. ಗಂಡಿನ ವಿದ್ಯೆಯನ್ನು ಕೇಳುತ್ತಾರೆ, ಹೆಣ್ಣಿನ ಮುಖವನ್ನು ನೋಡುತ್ತಾರೆ. ಹೆಲೆನ್‌ರ ಎಡಗಣ್ಣು ಉಬ್ಬಿದ್ದುದರಿಂದ ತಾರುಣ್ಯದವರೆಗಿನ ಭಾವಚಿತ್ರಗಳನ್ನು ಹೆಚ್ಚಾಗಿ ಪಕ್ಕದಿಂದಲೇ ತೆಗೆಸುತ್ತಿದ್ದರು. ಮುಂದೆ ಗಾಜಿನ ಕಣ್ಣುಗಳನ್ನಿರಿಸಿದ ಮೇಲೆ ಪತ್ರಿಕೆಯವರು ಆ ಕಣ್ಣುಗಳ ಕಾಂತಿಯನ್ನೇ ಹೊಗಳಿದರಂತೆ! ತನಗೆಂದೂ ಕಾಣದ ಮುಖವನ್ನು ಪರರ ನೋಟಕ್ಕಾಗಿ ತಿದ್ದಿಕೊಳ್ಳಬೇಕಾಗಿ ಬಂದುದು ಎಂತಹ ವಿಪರ್ಯಾಸ.

1916ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆಕೆಯ ಬದುಕಿನಲ್ಲಿ ವಿವಾಹದ ಪ್ರಸಂಗವೊಂದು ಒದಗಿತು. ಕಾರ್ಯದರ್ಶಿಯಾಗಿ ಬಂದ ಪೀಟರ್ ಫೇಗನ್ ಎಂಬ ತರುಣ ಪ್ರೀತಿಯನ್ನು ನಿವೇದಿಸಿದ, ಆಕೆ ಒಪ್ಪಿದರು. ಪತ್ರಿಕೆಯಿಂದ ಸುದ್ದಿ ತಿಳಿದ ತಾಯಿ ಕೆರಳಿದರು, ಕುಟುಂಬ ಅಡ್ಡ ನಿಂತಿತು, ಸಂಬಂಧ ಮುರಿದುಬಿತ್ತು. ವಿಶ್ವವಿದ್ಯಾಲಯದ ಪದವಿ ಪಡೆದು ದೇಶವೆಲ್ಲ ಸುತ್ತಿ ಭಾಷಣ ಮಾಡುತ್ತಿದ್ದ ಪ್ರೌಢೆಗೆ ಇಷ್ಟು ಸ್ವಾತಂತ್ರ್ಯವಿರಲಿಲ್ಲ. ‘ಮಿಡ್‌ಸ್ಟ್ರೀಮ್’ನಲ್ಲಿ ಈ ಪ್ರಸಂಗ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ, ಆಕೆ ಯಾರನ್ನೂ ದೂರುವುದಿಲ್ಲ, ಆ ಸಂತೋಷವನ್ನು ನಿರಾಕರಿಸುವುದೂ ಇಲ್ಲ. ಆ ಸಂಯಮವೇ ಓದುಗನನ್ನು ಹೆಚ್ಚು ಕಲಕುತ್ತದೆ.

ನಮ್ಮಲ್ಲಿ ಇಂತಹ ಹೆಣ್ಣುಮಕ್ಕಳಿಗೆ ಮದುವೆಯ ಮಾತು ಬಂದಾಗ, ‘ನಿನಗೆ ಲಿಂಗವೇ ಪತಿ, ಸೇವೆಯಲ್ಲಿ ಇದ್ದುಬಿಡು’ ಎಂದು ಸಮಾಧಾನ ಹೇಳುವ ವಾಡಿಕೆಯುಂಟು. ಶರಣಸತಿ ಲಿಂಗಪತಿ ಭಾವವನ್ನು ಹೀಗೆ ಬಳಸುವುದು ಅದಕ್ಕೆ ಮಾಡುವ ಅಪಚಾರ. ಆ ಭಾವ ಸ್ತ್ರೀಪುರುಷರಿಬ್ಬರಿಗೂ ಸಮಾನವಾದುದು, ಸಂಸಾರದಲ್ಲಿದ್ದ ಶರಣರೂ ಅದನ್ನು ಹಾಡಿದ್ದಾರೆ. ವರ ಸಿಕ್ಕದವಳಿಗೆ ಕೊಡುವ ಬದಲಿ ಸಾಮಗ್ರಿ ಅದಲ್ಲ. ಅಕ್ಕ ಕೌಶಿಕನನ್ನು ತಾನಾಗಿ ತೊರೆದು ಚೆನ್ನಮಲ್ಲಿಕಾರ್ಜುನನನ್ನು ವರಿಸಿದಳೆಂಬುದರಲ್ಲಿ ಅವಳ ವೀರವಿದೆ. ತೊರೆಯುವ ಅವಕಾಶವನ್ನೇ ಕೊಡದೆ ಇನ್ನೊಬ್ಬಳನ್ನು ‘ನೀನೂ ಅಕ್ಕನಂತೆ’ ಎಂದರೆ ಅದರಲ್ಲಿ ಯಾರ ವೀರವಿದೆ?

ಇದಕ್ಕಿಂತ ಹೆಚ್ಚು ಬೇರೂರಿದ ಮಾತು ಪೂರ್ವಜನ್ಮದ ಕರ್ಮದ್ದು. ಲಿಂಗದೀಕ್ಷೆಯಿಂದ ಪೂರ್ವಾಶ್ರಯ ನಿರಸನವಾಗುತ್ತದೆ, ಭಕ್ತನ ಕಾಯ ಪ್ರಸಾದಕಾಯವಾಗುತ್ತದೆ ಎಂದು ಸಾರುವ ನಾವೇ, ಲಿಂಗ ಕಟ್ಟಿದ ಮಗಳ ಸೊರಗಿದ ಕಾಲಿನಲ್ಲಿ ಹಿಂದಿನ ಜನ್ಮದ ಪಾಪವನ್ನು ಹುಡುಕುವುದು ಯಾವ ಸಿದ್ಧಾಂತ? ಹೆಲೆನ್ ಕೆಲ್ಲರ್ 1907ರಲ್ಲಿ ಅಮೆರಿಕದ ಸ್ತ್ರೀಯರ ಪತ್ರಿಕೆಯೊಂದರಲ್ಲಿ, ಆ ಕಾಲದ ಮರ್ಯಾದಸ್ಥರು ಬಾಯಿಬಿಡದ ವಿಷಯವೊಂದನ್ನು ಬರೆದರು. ಅನೇಕ ನವಜಾತ ಶಿಶುಗಳ ಕುರುಡಿಗೆ ಕಾರಣ ತಂದೆಯಿಂದ ತಾಯಿಗೆ ಅಂಟಿದ ಗುಹ್ಯರೋಗ. ಹುಟ್ಟಿದೊಡನೆ ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿಯನ್ನು ಹಾಕಿದರೆ ಆ ಕುರುಡನ್ನು ತಡೆಯಬಹುದು ಎಂದು. ಕಂಡರಿಯದ ಜನ್ಮಾಂತರಕ್ಕೆ ಲೋಕ ಬೆರಳು ತೋರಿಸುತ್ತಿದ್ದಾಗ ಆಕೆ ಇದೇ ಜನ್ಮದ ಗಂಡನ ನಡತೆಯನ್ನು ತೋರಿಸಿದರು. ಮದುವೆಯಾಗದ ಕುರುಡಿಯೊಬ್ಬಳು ಇಂತಹ ಮಾತನ್ನು ಎತ್ತಬೇಕಾದರೆ ಎಷ್ಟು ಧೈರ್ಯ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಆದರೆ ವಿಮರ್ಶಕನು ಮುಚ್ಚಿಡಬಾರದ ಒಂದು ಕಪ್ಪುಚುಕ್ಕೆಯೂ ಇದೆ. 1915ರಲ್ಲಿ ಷಿಕಾಗೋದ ವೈದ್ಯನೊಬ್ಬ ತೀವ್ರ ವೈಕಲ್ಯದಿಂದ ಹುಟ್ಟಿದ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡದೆ ಸಾಯಲು ಬಿಟ್ಟಾಗ ಹೆಲೆನ್ ಅವನನ್ನು ಸಮರ್ಥಿಸಿ ಬರೆದರು. ಇಂತಹ ಶಿಶುಗಳ ವಿಷಯವನ್ನು ವೈದ್ಯರ ಮಂಡಲಿ ನಿರ್ಣಯಿಸಲಿ ಎಂದರು. ತನ್ನನ್ನೇ ಮಂದಬುದ್ಧಿಯೆಂದು ಲೋಕ ತಳ್ಳಿಹಾಕಬಹುದಾಗಿತ್ತು ಎಂಬುದು ಆ ಗಳಿಗೆಯಲ್ಲಿ ಆಕೆಗೆ ಹೊಳೆಯದೆ ಹೋಯಿತು. ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಾವು ಇದನ್ನು ಒಪ್ಪಲಾರೆವು. ಸ್ವಾನುಭವವಿದ್ದವರಿಗೂ ರೂಪಕದ ಬಲೆ ತಪ್ಪಿದ್ದಲ್ಲ ಎಂಬುದಕ್ಕೆ ಇದು ನಿದರ್ಶನ. ಅರಿವನ್ನು ಮೆರೆದವಳು ಬೇರೊಬ್ಬರ ಮಗುವಿನಲ್ಲಿ ಬರಿಯ ‘ಊನ’ವನ್ನಷ್ಟೇ ಕಂಡಳು.

ಕಾಯಕದ ವಿಷಯದಲ್ಲಿ ಮಾತ್ರ ಆಕೆ ನಮಗೆ ತೀರ ಸಮೀಪದವರು. ಸಿರಿವಂತ ಕಾರ್ನೆಗಿ ವರ್ಷಾಶನ ಕೊಡಮುಂದಾದಾಗ ಮೊದಲು ನಿರಾಕರಿಸಿದರು; ಗುರು ಕಾಯಿಲೆ ಬಿದ್ದು ದಾರಿ ಕಾಣದಾದಾಗ, 1913ರಲ್ಲಿ, ಸ್ವೀಕರಿಸಿದರು. ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಮಾರಯ್ಯನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ಇಲ್ಲಿ ನೆನಪಾದರೆ ಸಹಜವೇ. 1920ರಿಂದ ನಾಲ್ಕು ವರ್ಷ ವಾಡೆವಿಲ್ ರಂಗದ ಮೇಲೆ, ಹಾಡು ಕುಣಿತದವರ ನಡುವೆ, ಪ್ರದರ್ಶನ ಕೊಟ್ಟು ಹೊಟ್ಟೆ ಹೊರೆದರು. ಇದು ಘನತೆಗೆ ಕುಂದೆಂದವರಿಗೆ, ದುಡಿದು ಉಣ್ಣುವುದರಲ್ಲಿ ಕುಂದೇನೆಂಬ ಧಾಟಿಯಲ್ಲಿ ‘ಮಿಡ್‌ಸ್ಟ್ರೀಮ್’ ಉತ್ತರಿಸುತ್ತದೆ.

ಅಂಧರ ವಿದ್ಯಾಭ್ಯಾಸದಲ್ಲಿ ವೀರಶೈವ ಸಮಾಜ ಹೆಮ್ಮೆಪಡುವ ನೆಲೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಕಣ್ಣಿಲ್ಲದವರ ಬಾಳಿಗೆ ನಾದದ ದಾರಿ ತೆರೆದರು. ಆ ಋಣ ತೀರುವಂತಹುದಲ್ಲ. ಆದರೂ ಈ ಸಾಲಿನಲ್ಲಿ ನಮ್ಮ ನಾಲಗೆಗೆ ಬರುವ ಹೆಸರುಗಳೆಲ್ಲ ಪುರುಷರವೇ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಎಂಟು ನೂರು ವರ್ಷಗಳಿಗಿಂತ ಹಿಂದೆಯೇ ದಾಸಿಮಯ್ಯನವರಿಂದ ಕೇಳಿದ ಸಮಾಜ ತನ್ನ ಹೆಳವಿಯರಿಂದ, ಕುರುಡಿಯರಿಂದ ಅವರದೇ ಮಾತನ್ನು ಬರೆಸಿಕೊಂಡಿಲ್ಲ. ಬರೆಸಿಕೊಂಡಾಗ ಬಸವಣ್ಣನವರ ಆ ಪ್ರಾರ್ಥನೆಗೆ ನಾವಿನ್ನೂ ಕೇಳದ ವ್ಯಾಖ್ಯಾನವೊಂದು ದೊರಕಬಹುದು. ಅಲ್ಲಿಯ ತನಕ ಅದನ್ನು ಇಂದ್ರಿಯಗಳುಳ್ಳವನ ಪ್ರಾರ್ಥನೆಯೆಂದೇ ಬೋಧಿಸುವುದು ಪ್ರಾಮಾಣಿಕತೆ.

ಸಾಹಿತ್ಯ ವಿದ್ಯಾರ್ಥಿಗಳು ಹೆಲೆನ್ ಕೆಲ್ಲರ್ ಅವರನ್ನು ಓದಲು ತೊಡಗುವುದಾದರೆ 1908ರ ಕೃತಿಯ ಕೈಯನ್ನು ಕುರಿತ ಅಧ್ಯಾಯಗಳಿಂದ ಆರಂಭಿಸಬೇಕು. ಬಳಿಕ ಮೊದಲ ಆತ್ಮಕಥೆಯ ಹದಿನಾಲ್ಕನೆಯ ಅಧ್ಯಾಯಕ್ಕೆ, ಅಲ್ಲಿಂದ ‘ಮಿಡ್‌ಸ್ಟ್ರೀಮ್’ಗೆ ಬರಬಹುದು. ನೀರಿನ ಪಂಪಿನ ಪ್ರಸಂಗವನ್ನು ಕೊನೆಯಲ್ಲಿ ಓದಿದರೂ ನಷ್ಟವಿಲ್ಲ. ಅದು ಎಲ್ಲರಿಗೂ ಗೊತ್ತೇ ಇದೆ.